ಅಕ್ಕನ ಕಂಪ್ಯೂಟರಿಗೆ ನಾನು ಹಾಕಿದ ಕೂಲರ್

ತೊಂಬತ್ತಾರು. ತೊಂಬತ್ತೇಳು. ಪರದೆಯ ಮೂಲೆಯಲ್ಲಿ ಕಂಪ್ಯೂಟರಿನ ಬಿಸಿ ತೋರಿಸುವ ಅಂಕಿ ಏರುತ್ತಿತ್ತು. ನಾನು ಸ್ಕ್ರೂಡ್ರೈವರ್ ಹಿಡಿದುಕೊಂಡು ಸುಮ್ಮನೆ ನೋಡುತ್ತಿದ್ದೆ. ತೊಂಬತ್ತೊಂಬತ್ತು ಬಂದದ್ದು ಕಂಡಿತು. ನೂರು ಬಂತೋ ಇಲ್ಲವೋ ಗೊತ್ತಿಲ್ಲ, ಅಷ್ಟರಲ್ಲಿ ಪರದೆ ಕಪ್ಪಾಯಿತು.

"ಹೋಯ್ತಾ?" ಅಂದಳು ಅಕ್ಕ.

"ಹೋಯ್ತು."

"ಎರಡು ಪೇಜು ಸೇವ್ ಮಾಡಿರ್ಲಿಲ್ಲ ನಾನು."

"ಮಾಡ್ಬೇಕಿತ್ತು."

ಅಕ್ಕನ ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನಾನೂ ಅವರನ್ನು ಅತ್ತೆ ಅಂತಲೇ ಕರೆಯುವುದು.

"ಎಷ್ಟು ಡಿಗ್ರಿ ಅಂದಿ?" ಅಂತ ಕೇಳಿದರು.

"ನೂರು, ಅತ್ತೆ."

"ನೂರಾ! ಹಾಗಾದ್ರೆ ಚಾ ಪಾತ್ರೆ ಇಡು ಮಾರಾಯ ಅದ್ರ ಮೇಲೆ. ಗ್ಯಾಸ್ ಆದ್ರೂ ಉಳೀಲಿ."

ನಗು ಬರುವ ಮಾತೇ. ಅವತ್ತು ಬರಲಿಲ್ಲ. ಹಿಂದಿನ ಭಾನುವಾರವಷ್ಟೇ ಅದೇ ಮೇಜಿನ ಮುಂದೆ ಕೂತು, ಹೊಸ ಕೂಲರ್ ಹಾಕಿ, "ಇನ್ನು ಹತ್ತು ವರ್ಷ ಇದ್ರ ತಂಟೆಗೆ ಹೋಗ್ಬೇಡಿ" ಅಂತ ಹೇಳಿ, ಇವರ ಮನೆಯ ಕಡುಬು ತಿಂದು ಹೋಗಿದ್ದವನು ನಾನು.

ನಾನು ಚೆಟ್ಟಳ್ಳಿಯಲ್ಲಿ ಜೀಪ್ ರಿಪೇರಿ ಮಾಡುವವನು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟೆ. ಕಂಪ್ಯೂಟರ್ ಕೆಲಸ ಯಾರೂ ಕಲಿಸಿದ್ದಲ್ಲ, ಮೊಬೈಲಿನಲ್ಲಿ ವಿಡಿಯೋ ನೋಡಿ ಕಲಿತದ್ದು. ವರ್ಕ್‌ಶಾಪಿಗೆ ಬರುವವರ ಮುಂದೆ ಜಂಬ ಕೊಚ್ಚುವಷ್ಟು ಗೊತ್ತಿತ್ತು. ಅಕ್ಕನ ಕಂಪ್ಯೂಟರ್ ಪೆಟ್ಟಿಗೆಯನ್ನೂ ನಾನೇ ಬಿಡಿಭಾಗ ತಂದು ಜೋಡಿಸಿ ಕೊಟ್ಟಿದ್ದೆ.

ಅಕ್ಕ ಮದುವೆ ಆಲ್ಬಂ ಮಾಡುತ್ತಾಳೆ. ಮಾಡುತ್ತಿದ್ದಳು. ಕುಶಾಲನಗರದ ಒಂದು ಸ್ಟುಡಿಯೋದವರು ಫೋಟೋ ಕಳಿಸುತ್ತಿದ್ದರು, ಇವಳು ಅದನ್ನು ಆರಿಸಿ, ಬಣ್ಣ ಸರಿಮಾಡಿ, ಪುಟ ಪುಟವಾಗಿ ಜೋಡಿಸಿ ವಾಪಸ್ ಕಳಿಸುತ್ತಿದ್ದಳು. ಅದಕ್ಕೆ ಮೊದಲು ಅವಳು ಕಾಫಿ ಎಸ್ಟೇಟಿನ ನರ್ಸರಿಯಲ್ಲಿ ಸಸಿ ನೆಡುವ ಪ್ಲಾಸ್ಟಿಕ್ ಪ್ಯಾಕೆಟ್ಟಿಗೆ ಮಣ್ಣು ತುಂಬಿಸುತ್ತಿದ್ದಳು. ಬೆಳಗ್ಗಿಂದ ಸಂಜೆವರೆಗೆ ಕುಕ್ಕರಗಾಲಲ್ಲಿ ಕೂತು. ಮಳೆಗಾಲ ಪೂರ್ತಿ ಬೆರಳ ಸಂದಿ ಕೊಳೆತು ಬಿಳಿಯಾಗಿರುತ್ತಿತ್ತು. ಆಲ್ಬಂ ಕೆಲಸ ಸಿಕ್ಕಿದ ಮೇಲೆ ಒಂದು ಸಲ ನನಗೆ ಕೈ ತೋರಿಸಿ, "ನೋಡು, ನನ್ನ ಕೈ ಈಗ ಟೀಚರ್ ಕೈ ಥರ ಉಂಟು" ಅಂದಿದ್ದಳು.

ಮದುವೆಗಳೆಲ್ಲ ಮಳೆಗೆ ಮುಂಚೆ ಮುಗಿಯುತ್ತವೆ. ಆಲ್ಬಂ ಕೆಲಸ ರಾಶಿ ಬೀಳುವುದು ಮಳೆಗಾಲದಲ್ಲಿ. ಆ ವರ್ಷ ಸ್ಟುಡಿಯೋದವರು ಮೂರು ಆಲ್ಬಂ ಒಟ್ಟಿಗೆ ಕೊಟ್ಟಿದ್ದರು. ಒಂದು ಕಕ್ಕಬೆ ಕಡೆಯ ದೊಡ್ಡ ಮದುವೆ, ಉಳಿದೆರಡು ಸಣ್ಣವು. ಇಂಥ ಶನಿವಾರದೊಳಗೆ ಮೂರೂ ಮುಗಿಯಬೇಕು, ಇಲ್ಲದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಅಂತ ಮೊದಲೇ ಹೇಳಿದ್ದರು. ಬಾಯಿಮಾತಿಗೆ ಹೇಳಿದ್ದಲ್ಲ. ಅವರ ಹತ್ತಿರ ಬೇರೆಯವರು ಇದ್ದರು.

ಅಂಥ ಹೊತ್ತಿನಲ್ಲಿ ಚೆನ್ನಾಗಿ ಓಡುತ್ತಿದ್ದ ಯಂತ್ರಕ್ಕೆ ನಾನು ಕೈ ಹಾಕಿದೆ. ಅಕ್ಕ ಹೇಳಿದ್ದು ಒಂದೇ ಮಾತು, "ಫ್ಯಾನು ಸ್ವಲ್ಪ ಜಾಸ್ತಿ ಶಬ್ದ ಮಾಡ್ತದೆ ಮಾರಾಯ, ಅಕ್ಕಿ ಮಿಲ್ಲಿನ ಹಾಗೆ." ಒಂದು ತೊಟ್ಟು ಎಣ್ಣೆ ಬಿಟ್ಟಿದ್ದರೆ ಸಾಕಿತ್ತು. ನಾನು ಪ್ರೊಸೆಸರನ್ನು, ಅಂದರೆ ಕಂಪ್ಯೂಟರಿನ ಮಿದುಳನ್ನು, ತಣ್ಣಗಿಡುವ ಹೊಸ ಕೂಲರನ್ನೇ ತರಿಸಿದೆ. ಒಂದು ಗೇಣು ಎತ್ತರ, ನಾಲ್ಕು ತಾಮ್ರದ ಕೊಳವೆ, ಕೊಳವೆಗಳ ಸುತ್ತ ರೇಡಿಯೇಟರಿನ ಹಾಗೆ ತೆಳು ತಗಡು, ಪಕ್ಕದಲ್ಲಿ ಅಂಗೈ ಅಗಲದ ಫ್ಯಾನು. ನೋಡಿದರೆ ಯಾರಿಗಾದರೂ ಆಸೆ ಆಗಬೇಕು. ಹಳೆಯದನ್ನು ಕೀಳುವಾಗ ಅದರ ಎರಡು ಪ್ಲಾಸ್ಟಿಕ್ ಕಾಲು ಮುರಿಯಿತು. ಮುರಿದರೆ ಮುರಿಯಲಿ, ಇನ್ನು ಯಾರಿಗೆ ಬೇಕು ಅಂತ ಚರಂಡಿ ಕಡೆ ಎಸೆದೆ.

ಹಾಕಿದ ದಿನ ಬೆಳಗ್ಗೆ ಹನ್ನೊಂದು ಗಂಟೆ. ಒಂದು ಗಂಟೆ ಓಡಿಸಿದೆ. ಎಪ್ಪತ್ತು ದಾಟಲಿಲ್ಲ, ಶಬ್ದವೂ ಇಲ್ಲ. ಕಡುಬು ತಿಂದದ್ದು ಆಮೇಲೆ.

ಮರುದಿನ ಸಂಜೆ ಫೋನ್ ಬಂತು, ತಾನೇ ಆಫ್ ಆಗ್ತಾ ಉಂಟು ಅಂತ. ಮಂಗಳವಾರ ಮತ್ತೆ. ಬುಧವಾರ ಎರಡು ಸಲ. ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ನಾನು ಬಂದು ಕೂಲರ್ ಬಿಚ್ಚಿದೆ. ಪ್ರೊಸೆಸರಿಗೂ ಕೂಲರಿಗೂ ನಡುವೆ ಹಚ್ಚುವ ಬೂದು ಬಣ್ಣದ ಪೇಸ್ಟ್ ಜಾಸ್ತಿಯಾಗಿ ಅಂಚಿನಿಂದ ಹೊರಗೆ ಬಂದಿತ್ತು. ಇದೇ ಇರಬೇಕು ಅಂದುಕೊಂಡೆ. ಒರೆಸಿ, ಬಟಾಣಿ ಕಾಳಿನಷ್ಟು ಹೊಸದಾಗಿ ಹಚ್ಚಿದೆ. ತಳದ ಪ್ಲಾಸ್ಟಿಕ್ ಹಾಳೆ ತೆಗೆದಿದ್ದೇನಾ ನೋಡಿದೆ. ತೆಗೆದಿದ್ದೆ. ನಾಲ್ಕು ಸ್ಕ್ರೂವನ್ನು ಇಂಜಿನ್ ಹೆಡ್ ಬಿಗಿ ಮಾಡುವ ಹಾಗೆ ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ತಿರುಗಿಸಿದೆ. ಫ್ಯಾನಿನ ವಯರು ಸರಿಯಾದ ಜಾಗದಲ್ಲೇ ಇತ್ತು, ಫ್ಯಾನು ತಿರುಗುತ್ತಲೂ ಇತ್ತು. ಎಲ್ಲ ಮುಚ್ಚಿ ಓಡಿಸಿದಾಗ ಸಂಜೆ ಐದು. ಅಕ್ಕ ಕೂತು ಎರಡು ಪುಟ ಮಾಡುವಷ್ಟರಲ್ಲಿ ಅಂಕಿ ಏರಿತು. ಅದೇ ನಾನು ಮೊದಲು ಹೇಳಿದ ತೊಂಬತ್ತೊಂಬತ್ತು.

ಅಕ್ಕ ಗೋಡೆಯ ಕ್ಯಾಲೆಂಡರ್ ತೆಗೆದು ತಂದು ತೋರಿಸಿದಳು. ಆಫ್ ಆದ ಹೊತ್ತನ್ನೆಲ್ಲ ತಾರೀಕಿನ ಕೆಳಗೆ ಪೆನ್ಸಿಲ್ಲಿನಲ್ಲಿ ಬರೆದಿಟ್ಟಿದ್ದಳು. ನಾಲ್ಕೂವರೆ. ಐದು. ಬೆಳಗ್ಗೆ ಏಳು. ಮತ್ತೆ ನಾಲ್ಕೂಮುಕ್ಕಾಲು.

"ನಾಲ್ಕು ಗಂಟೆ ಮೇಲೆ, ಇಲ್ಲಾಂದ್ರೆ ಬೆಳಗ್ಗೆ ಬೇಗ, ಆವಾಗ್ಲೇ ಆಗೋದು ನೋಡು. ಹಗಲು ಕರೆಂಟ್ ಇದ್ದಾಗ ಒಂದ್ಸಲಾನೂ ಆಫ್ ಆಗ್ಲಿಲ್ಲ" ಅಂದಳು.

"ಇದೇನು, ಡೈರಿಗೆ ಹಾಲು ಹಾಕಿದ ಲೆಕ್ಕವಾ?"

"ತಮಾಷೆ ಮಾಡ್ಬೇಡ. ಹೊತ್ತು ನೋಡು ಅಂತ ಹೇಳ್ತಿರೋದು."

"ಕಂಪ್ಯೂಟರಿಗೆ ಎಂತ ಹೊತ್ತು ಗೊತ್ತುಂಟು ಅಕ್ಕ? ನೀನು ಸಾವಿರ ಫೋಟೋ ಒಟ್ಟಿಗೆ ಓಪನ್ ಮಾಡಿ ಕೂತ್ರೆ ಅದು ಎಂತ ಮಾಡ್ತದೆ?"

"ಮುಂಚೆನೂ ಹಾಗೇ ಮಾಡ್ತಿದ್ದೆನಲ್ಲ."

ಉತ್ತರ ಇಲ್ಲದಾಗ ನಾನು ಗಂಟಲು ಏರಿಸುತ್ತೇನೆ. ಅಪ್ಪನಿಂದ ಬಂದದ್ದು. ಏರಿಸಿದೆ. ಕ್ಯಾಲೆಂಡರ್ ಮತ್ತೆ ಮೊಳೆಗೆ ಹೋಯಿತು.

ಹಗಲು ಕೆಲಸ ಮಾಡಿಕೊಳ್ಳಬಹುದಿತ್ತಲ್ಲ ಅಂತ ಯಾರಾದರೂ ಕೇಳಬಹುದು. ಮಳೆಗಾಲದಲ್ಲಿ ಅಲ್ಲಿ ಹಗಲು ಕರೆಂಟ್ ಇದ್ದರೆ ಅದೇ ಹಬ್ಬ. ಎಲ್ಲೋ ಮರ ಬಿದ್ದು ಲೈನ್ ಹೋಗಿರುತ್ತದೆ, ಸರಿಮಾಡಿ ಕೊಡುವಾಗ ಸಂಜೆ. ಸಂಜೆ ನಾಲ್ಕರಿಂದ ಊಟದ ಹೊತ್ತಿನವರೆಗೆ, ಅದೇ ಅಕ್ಕನ ಕೆಲಸದ ಹೊತ್ತು. ಯಂತ್ರ ಸಾಯುತ್ತಿದ್ದದ್ದೂ ಅದೇ ಹೊತ್ತಿಗೆ. ಪೆಟ್ಟಿಗೆಯ ಪಕ್ಕದ ಬಾಗಿಲು ತೆಗೆದಿಟ್ಟು ಓಡಿಸು ಅಂತ ಹೇಳಿ ಹೋದೆ. ಎರಡನೇ ದಿನ ಅದರೊಳಗೆ ಹಲ್ಲಿ ಹೊಕ್ಕಿತಂತೆ. ಅತ್ತೆ ಬಾಗಿಲು ಹಾಕಿ, ಮೇಲೊಂದು ಬಟ್ಟೆಯನ್ನೂ ಹೊದೆಸಿದರು. ಆ ಬಟ್ಟೆಯನ್ನು ಅಕ್ಕ ತೆಗೆಯುವುದು, ಅವರು ಹಾಕುವುದು, ಇದೇ ಆಯಿತು.

ಬುಧವಾರ ಭಾವ ಪೆಟ್ಟಿಗೆಯನ್ನು ಎಸ್ಟೇಟಿನ ಜೀಪಿನಲ್ಲಿ ಹಾಕಿಕೊಂಡು ವರ್ಕ್‌ಶಾಪಿಗೆ ತಂದ. ಭಾವ ಆ ಎಸ್ಟೇಟಿನ ಜೀಪ್ ಡ್ರೈವರ್. ಕೆಟ್ಟವನಲ್ಲ. ಆದರೆ ಅಕ್ಕ ಮನೆಯಲ್ಲಿ ಕೂತು ಪರದೆ ನೋಡುವುದು ಅವನಿಗೆ ಕೆಲಸದ ಹಾಗೆ ಕಾಣುತ್ತಿರಲಿಲ್ಲ. ಕೆಲಸ ಅಂದರೆ ಬೆವರಬೇಕು ಅನ್ನುವ ಜಾತಿ.

"ತಗೋ ಡಾಕ್ಟ್ರೇ, ನಿಮ್ಮ ಪೇಷಂಟ್. ಹೊಸ ಹಾರ್ಟ್ ಹಾಕಿದ್ರಿ, ಜೀವನೇ ಹೋಯ್ತು" ಅಂದ.

"ಇಡು ಅಲ್ಲಿ. ನಾಳೆ ಹೇಳ್ತೇನೆ."

"ಬೇಗ ನೋಡು ಮಾರಾಯ. ಮನೇಲಿ ಎರಡು ದಿನದಿಂದ ಮಾತಿಲ್ಲ, ಕತೆಯಿಲ್ಲ."

ಕಂಪ್ರೆಸರಿನ ಗಾಳಿ ಹೊಡೆದು ಧೂಳು ತೆಗೆದೆ. ಮೂರನೇ ಸಲ ಪೇಸ್ಟ್ ಹಚ್ಚಿದೆ. ಪಕ್ಕದ ಬಾಗಿಲು ತೆಗೆದಿಟ್ಟು ಬೆಂಚಿನ ಮೇಲೆ ಓಡಿಸಿದೆ. ಆಗಸ್ಟ್ ತಿಂಗಳು, ಶಟರ್ ಪೂರ್ತಿ ತೆರೆದಿತ್ತು, ಹೊರಗೆ ಎದುರು ಯಾರು ನಿಂತಿದ್ದಾರೆ ಕಾಣದಷ್ಟು ಮಂಜು. ಯಂತ್ರಕ್ಕೆ ಸುಸ್ತು ಮಾಡಿಸುವ ಪ್ರೋಗ್ರಾಂ ಹಾಕಿದೆ. ಒಂದು ಗಂಟೆ, ಎರಡು ಗಂಟೆ. ಐವತ್ತೆಂಟು. ಅಲ್ಲಿಂದ ಮೇಲೆ ಹೋಗಲೇ ಇಲ್ಲ. ಮರುದಿನ ಭಾವನ ಎದುರಿಗೇ ಇನ್ನೊಂದು ಸಲ ಓಡಿಸಿ ತೋರಿಸಿದೆ.

"ಮಿಷನ್ ಸರಿ ಉಂಟು ಭಾವ, ನೀನೇ ನೋಡು. ತೊಂದರೆ ಇರೋದು ನಡೆಸೋರಲ್ಲಿ" ಅಂದೆ.

"ಅಂದ್ರೆ?"

"ಅಂದ್ರೆ ಎಂತ? ಅವಳಿಗೆ ನಡೆಸೋಕೆ ಬರಲ್ಲ. ಎಲ್ಲ ಒಟ್ಟಿಗೆ ಓಪನ್ ಮಾಡ್ತಾಳೆ. ಒಳ್ಳೇ ಜೀಪ್ ಆದ್ರೂ ಹ್ಯಾಂಡ್ ಬ್ರೇಕ್ ಎಳ್ಕೊಂಡು ಓಡಿಸಿದ್ರೆ ಹೀಟ್ ಆಗಲ್ವಾ?"

ಭಾವನಿಗೆ ಜೀಪಿನ ಮಾತು ಅರ್ಥವಾಗುತ್ತದೆ. ತಲೆ ಆಡಿಸಿದ. ಆ ಮಾತು ಅವನಿಗೆ ಇಷ್ಟವಾದದ್ದು ಮುಖದಲ್ಲೇ ಕಂಡಿತು. ನನಗೂ ಹಗುರವಾಯಿತು. ತಪ್ಪು ನನ್ನ ಅಂಗಡಿಯಿಂದ ಜೀಪ್ ಹತ್ತಿ ಹೋಯಿತು ಅನ್ನಿಸಿತು.

ಗುರುವಾರ ಸಂಜೆ ಅಕ್ಕ ಕಕ್ಕಬೆ ಮದುವೆಯ ಆಲ್ಬಮ್ಮಿನ ಕೊನೆಯ ಪುಟಗಳಲ್ಲಿದ್ದಳು. ಆಗ ಅವಳು ಎರಡೆರಡು ನಿಮಿಷಕ್ಕೆ ಸೇವ್ ಮಾಡುತ್ತಿದ್ದಳು. ಸೇವ್ ಮಾಡುತ್ತಿರುವಾಗಲೇ ಯಂತ್ರ ಹೋಯಿತು. ಮತ್ತೆ ಆನ್ ಮಾಡಿದರೆ ಆ ಫೈಲೇ ತೆರೆಯಲಿಲ್ಲ. ಪೂರ್ತಿ ಆಲ್ಬಂ ಅದೊಂದೇ ಫೈಲಿನಲ್ಲಿತ್ತು.

ಅವಳು ನನಗೆ ಫೋನ್ ಮಾಡಲಿಲ್ಲ. ಭಾವ ಮಾಡಿದ. "ನಿನ್ನ ಅಕ್ಕ ಉಣ್ಣದೆ ಕೂತಿದ್ದಾಳೆ, ಬಂದು ಎಂತ ನೋಡು" ಅಂದ.

ಶುಕ್ರವಾರ ವರ್ಕ್‌ಶಾಪ್ ಬಾಗಿಲು ಹಾಕಿ ಹೊರಟೆ. ಅಕ್ಕನ ಮನೆ ಮುಟ್ಟಿದಾಗ ಹನ್ನೆರಡು. ಅವತ್ತು ಹೇಗೋ ಕರೆಂಟ್ ಇತ್ತು. ಅಕ್ಕ ಕೆಟ್ಟ ಫೈಲ್ ಬಿಟ್ಟು ಫೋಟೋಗಳಿಂದ ಮೊದಲಿನಿಂದ ಜೋಡಿಸುತ್ತಿದ್ದಳು. ನನ್ನ ಕಡೆ ತಿರುಗಲಿಲ್ಲ. ನಾನೂ ಸ್ಕ್ರೂಡ್ರೈವರ್ ತೆಗೆಯಲಿಲ್ಲ. ಹಿಂದೆ ಸ್ಟೂಲ್ ಹಾಕಿ ಕೂತು ಅಂಕಿಯನ್ನೇ ನೋಡಿದೆ. ಒಂದು ಗಂಟೆಗೆ ಅರವತ್ತೊಂಬತ್ತು. ಎರಡಕ್ಕೆ ಎಪ್ಪತ್ತು. ಮೂರಕ್ಕೆ ಎಪ್ಪತ್ತು. ಸಾವಿರ ಫೋಟೋ ತೆರೆದಿತ್ತು, ಯಂತ್ರಕ್ಕೆ ಏನೂ ಆಗಲಿಲ್ಲ. ನಾಲ್ಕಕ್ಕೆ ಅಕ್ಕ ಚಾ ಮಾಡಲು ಎದ್ದು ಹೋದಳು. ನಾಲ್ಕೂಕಾಲಿಗೆ ಯಾರೂ ಮುಟ್ಟದೆ, ಸುಮ್ಮನೆ ಕೂತಿದ್ದ ಯಂತ್ರದ ಅಂಕಿ ಏರಲು ಶುರುವಾಯಿತು. ಎಪ್ಪತ್ತೆರಡು. ಎಪ್ಪತ್ತಾರು. ಎಂಬತ್ತು.

ವಯರು ಏನಾದರೂ ಸಡಿಲ ಉಂಟಾ ನೋಡಲು ಪೆಟ್ಟಿಗೆಯ ಹಿಂದೆ ಕೈ ಹಾಕಿದೆ. ಕೈಯ ಹಿಂಭಾಗ ಗೋಡೆಗೆ ತಾಗಿತು. ಸುಡುತ್ತಿತ್ತು.

ಆ ಗೋಡೆಯ ಆಚೆ ಕಡೆ ಬಚ್ಚಲು. ನೀರು ಕಾಯಿಸುವ ಹಂಡೆಯ ಒಲೆ ಗೋಡೆಗೆ ಅಂಟಿಸಿಯೇ ಕಟ್ಟಿದ್ದು. ಮಳೆಗಾಲದಲ್ಲಿ ಕೆಲಸಕ್ಕೆ ಹೋದವರು ಐದಕ್ಕೆ ನೆನೆದು, ಜಿಗಣೆ ಕಚ್ಚಿಸಿಕೊಂಡು ಬರುತ್ತಾರೆ. ಬಂದ ಕೂಡಲೇ ಬಿಸಿನೀರು ಬೇಕು. ಅದಕ್ಕೆ ಅತ್ತೆ ನಾಲ್ಕು ಗಂಟೆಗೆ ಒಲೆ ಹಚ್ಚುತ್ತಾರೆ, ಕಾಫಿ ಗಿಡದ ಬೊಡ್ಡೆ ಹಾಕುತ್ತಾರೆ. ಅದು ಒಮ್ಮೆ ಹಿಡಿದರೆ ರಾತ್ರಿ ಊಟದವರೆಗೆ ಕೆಂಡ. ಬೆಳಗ್ಗೆಯೂ ಆರಕ್ಕೆ ಹಚ್ಚುತ್ತಾರೆ. ಕಂಪ್ಯೂಟರ್ ಆ ಗೋಡೆಗೆ ಇಟ್ಟದ್ದೂ ಬೇಕೆಂದೇ. ಇಡೀ ಮನೆಯಲ್ಲಿ ಆ ಕೋಣೆಯ ಆ ಗೋಡೆ ಒಂದೇ ಒಣಗಿರುವುದು. ಉಳಿದ ಕಡೆ ಚಪ್ಪಲಿಗೂ ಬೂಷ್ಟು ಬರುತ್ತದೆ. ಪೆಟ್ಟಿಗೆಗೆ ಬೂಷ್ಟು ಹಿಡಿಯಬಾರದು ಅಂತ ಜಾಗ ತೋರಿಸಿದವನೇ ನಾನು. ಸೊಸೆಯ ರೇಷ್ಮೆ ಸೀರೆಯ ಟ್ರಂಕನ್ನೂ ಅತ್ತೆ ಅದರ ಪಕ್ಕವೇ ಇಟ್ಟಿದ್ದರು.

ಆದರೆ ಹಳೆಯ ಕೂಲರ್ ಇದ್ದಾಗಲೂ ಅದೇ ಗೋಡೆ, ಅದೇ ಒಲೆ. ಆಗ ಯಾಕೆ ಆಗಲಿಲ್ಲ? ದೇವರ ಮುಂದಿನ ಊದುಬತ್ತಿ ಒಂದು ತಂದು ಹಚ್ಚಿ ಪೆಟ್ಟಿಗೆಯ ಹಿಂದೆ ಹಿಡಿದೆ. ಬಿಸಿಗಾಳಿ ಹಿಂದಿನಿಂದ ಹೊರಗೆ ಬರಬೇಕು, ಹೊಗೆ ಗೋಡೆ ಕಡೆ ಹಾರಬೇಕು. ಹೊಗೆ ನೆಟ್ಟಗೆ ಪೆಟ್ಟಿಗೆಯ ಒಳಗೆ ಹೋಯಿತು.

ಅಲ್ಲಿ ನನಗೆ ತಿಳಿಯಿತು. ಪೆಟ್ಟಿಗೆಯ ಹಿಂದೆ ತಗಡಿನ ಜಾಲರಿ ಇರುತ್ತದೆ, ಜೀಪಿನ ಮುಂದಿನ ಜಾಲರಿಯ ಹಾಗೆಯೇ. ಜೀಪಿನಲ್ಲಿ ಗಾಳಿ ಜಾಲರಿಯಿಂದ ಬಂದು, ರೇಡಿಯೇಟರ್ ದಾಟಿ, ಅದರ ಹಿಂದೆ ಇರುವ ಫ್ಯಾನಿಗೆ ಬರುತ್ತದೆ. ಹತ್ತು ವರ್ಷದಿಂದ ನನ್ನ ಕೈ ಹಾಗೆಯೇ ಜೋಡಿಸಿದೆ. ಇಲ್ಲೂ ಜಾಲರಿ, ರೇಡಿಯೇಟರ್, ಹಿಂದೆ ಫ್ಯಾನು ಅಂತ ಜೋಡಿಸಿಬಿಟ್ಟಿದ್ದೆ. ಯೋಚನೆಯನ್ನೇ ಮಾಡಿರಲಿಲ್ಲ. ಹಳೆಯ ಕೂಲರ್ ಪಕ್ಕದ ಬಾಗಿಲಿನ ತೂತಿನಿಂದ ಕೋಣೆಯ ಗಾಳಿ ಎಳೆಯುತ್ತಿತ್ತು. ನನ್ನದು ಒಲೆಯ ಗೋಡೆಯ ಗಾಳಿಯನ್ನು ಎಳೆದು ಪ್ರೊಸೆಸರಿಗೆ ಕುಡಿಸುತ್ತಿತ್ತು. ವರ್ಕ್‌ಶಾಪಿನ ಮಂಜಿನಲ್ಲಿ, ಬಾಗಿಲು ತೆಗೆದಿಟ್ಟರೆ, ಫ್ಯಾನು ಯಾವ ಕಡೆಗೆ ಮುಖ ಮಾಡಿದ್ದರೂ ಐವತ್ತೆಂಟೇ.

ಆಫ್ ಮಾಡಿ, ಬಾಗಿಲು ಬಿಚ್ಚಿ, ಫ್ಯಾನಿನ ಎರಡು ತಂತಿ ಕ್ಲಿಪ್ಪು ತೆಗೆದು, ಅದನ್ನು ತಿರುಗಿಸಿ ಹಾಕಿದೆ. ಮೂರು ನಿಮಿಷದ ಕೆಲಸ. ತಲೆ ಎತ್ತಿದರೆ ಅಕ್ಕ ಚಾ ಲೋಟ ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿಂದಲೋ ಗೊತ್ತಿಲ್ಲ.

ಹಿಂದೆಯೇ ಭಾವನೂ ಬಂದ, ಮೈಯೆಲ್ಲ ಒದ್ದೆ. "ಎಂತ ಸಿಕ್ತಾ ಡಾಕ್ಟ್ರೇ?"

"ಈ ಗೋಡೆ ಭಾವ. ಮುಟ್ಟಿ ನೋಡು. ಬಚ್ಚಲೊಲೆ ಬಿಸಿ ಎಲ್ಲ ಇದ್ರೊಳಗೆ ಹೋಗ್ತಾ ಉಂಟು. ಮೇಜು ಆಚೆ ಇಡ್ಬೇಕು."

ಅಷ್ಟೇ ಹೇಳಿದೆ. ಫ್ಯಾನಿನ ಮಾತು ಎತ್ತಲಿಲ್ಲ.

ಅತ್ತೆ ಬಚ್ಚಲಿನಿಂದಲೇ ಕೇಳಿಸಿಕೊಂಡರು. ಕೊಳ್ಳಿ ಹಿಡಿದುಕೊಂಡೇ ಬಂದರು. "ಎಂತ? ನನ್ನ ಒಲೆದು ತಪ್ಪಾ? ಮೂವತ್ತು ವರ್ಷ ಆಯ್ತು ಒಲೆ ಕಟ್ಟಿ. ನಿನ್ನ ಡಬ್ಬ ಬಂದದ್ದು ಮೊನ್ನೆ."

"ತಪ್ಪು ಅಂತಲ್ಲ ಅತ್ತೆ..."

"ಮತ್ತೆ ಎಂತ? ನಾಳೆಯಿಂದ ಎಲ್ಲರೂ ತಣ್ಣೀರು ಮೀಯಿರಿ. ಡಬ್ಬ ತಣ್ಣಗಿರ್ಲಿ."

ಭಾವ ನಕ್ಕ. ನಾನೂ ನಕ್ಕೆ. ಅಕ್ಕ ನಗಲಿಲ್ಲ. ಲೋಟ ಮೇಜಿನ ಮೇಲೆ ಇಟ್ಟಳು. ಮೇಜನ್ನು ಕಿಟಕಿ ಕಡೆ ಎಳೆದೆವು. ಓಡಿಸಿದರೆ ಅರವತ್ತೆರಡು.

ಆ ಸಂಜೆಯಿಂದ ಶನಿವಾರ ಸಂಜೆವರೆಗೆ ಅವಳು ಕೂತ ಜಾಗದಿಂದ ಏಳಲಿಲ್ಲವಂತೆ. ಯಂತ್ರವೂ ಒಂದು ಸಲವೂ ಆಫ್ ಆಗಲಿಲ್ಲ. ಸಣ್ಣ ಆಲ್ಬಂ ಎರಡೂ ಮುಗಿದವು. ಕಕ್ಕಬೆಯದು ಅರ್ಧ ಆಗಿತ್ತು. ಸ್ಟುಡಿಯೋದವರಿಗೆ ಫೋನ್ ಮಾಡಿ ಇನ್ನು ಮೂರು ದಿನ ಕೇಳಿದಳು.

"ಬೇಜಾರು ಮಾಡ್ಕೊಬೇಡಮ್ಮ" ಅಂದರಂತೆ ಅವರು. "ನೀನು ಫೋನ್ ಎತ್ತಿದಾಗಲೆಲ್ಲ ಕಂಪ್ಯೂಟರ್ ಹಾಳು ಅಂತಿದ್ದೆ. ನಾನು ಗುರುವಾರಾನೇ ಅದನ್ನ ಬೇರೆಯವರಿಗೆ ಕೊಟ್ಟೆ. ಆ ಎರಡು ಕಳ್ಸು. ಮುಂದೆ ಏನಾದ್ರೂ ಇದ್ರೆ ಹೇಳ್ತೇನೆ."

ಮುಂದೆ ಅವರು ಹೇಳಲಿಲ್ಲ. ಅಕ್ಕ ಎರಡು ತಿಂಗಳು ಕಾದಳು. ಮಡಿಕೇರಿಯಲ್ಲಿ ಇನ್ನೆರಡು ಸ್ಟುಡಿಯೋದಲ್ಲಿ ಕೇಳಿದಳು, ಅವರ ಹತ್ತಿರ ಅವರದೇ ಜನ ಇದ್ದರು. ಆಮೇಲೆ ಭಾವನೇ ಎಸ್ಟೇಟಿನ ರೈಟರ ಹತ್ತಿರ ಮಾತಾಡಿ ಬಂದ. ರೈಟರ್ ಅಂದರೆ ಆಳುಗಳ ಹಾಜರಿ ನೋಡುವವರು. ಈಗ ಅಕ್ಕ ಮತ್ತೆ ನರ್ಸರಿಗೆ ಹೋಗುತ್ತಾಳೆ.

ದೀಪಾವಳಿಗೆ ಹೋಗಿದ್ದಾಗ ಊಟಕ್ಕೆ ಕೂತಾಗ ಭಾವ ಅಂದ, "ಅವಳಿಗೆ ಅದು ಆಗಿಬರ್ಲಿಲ್ಲ ಬಿಡು. ನೀನೇ ಹೇಳಿದ್ದಲ್ಲ, ನಡೆಸೋಕೆ ಬರಲ್ಲ ಅಂತ."

ಅಕ್ಕ ಬಡಿಸುತ್ತಿದ್ದಳು. ಸೌಟು ಹಿಡಿದು ನನ್ನ ಮುಖ ನೋಡಿದಳು. ಅವಳಿಗೆ ಗೊತ್ತಿತ್ತು. ನಾನು ಫ್ಯಾನು ತಿರುಗಿಸಿದ್ದನ್ನು ಅವಳು ನೋಡಿದ್ದಳು, ತಿರುಗಿಸುವುದು ಅಂದರೆ ಏನು ಅಂತ ಅರ್ಥ ಮಾಡಿಕೊಳ್ಳದಷ್ಟು ದಡ್ಡಿಯಲ್ಲ. ನಾನು ಹೇಳಲಿ ಅಂತ ಕಾದಳು. ಒಂದು ಮಾತು ಸಾಕಿತ್ತು, ತಪ್ಪು ನಂದು ಭಾವ, ಫ್ಯಾನು ಉಲ್ಟಾ ಹಾಕಿದವನು ನಾನು ಅಂತ. ನಾನು ಅನ್ನ ಕಲಸಿದೆ. ಅವಳು ಸಾರು ಹಾಕಿ ಒಳಗೆ ಹೋದಳು.

ಕಂಪ್ಯೂಟರ್ ಈಗಲೂ ಕಿಟಕಿ ಪಕ್ಕ ಉಂಟು. ಭಾವ ರಜೆಯ ದಿನ ಅದರಲ್ಲಿ ಸಿನಿಮಾ ನೋಡುತ್ತಾನೆ. ಬಿಸಿ ಆಗುವುದಿಲ್ಲ. ವರ್ಕ್‌ಶಾಪಿಗೆ ಯಾರಾದರೂ ಕಂಪ್ಯೂಟರ್ ತಂದರೆ ನನಗೆ ಬರಲ್ಲ ಅಂತ ವಾಪಸ್ ಕಳಿಸುತ್ತೇನೆ. ಅಕ್ಕ ನನ್ನ ಹತ್ತಿರ ಮಾತಾಡುತ್ತಾಳೆ, ಚಾ ಕೊಡುತ್ತಾಳೆ, ಆದರೆ ಯಾವುದನ್ನೂ ನೋಡಿಕೊಡು ಅಂತ ಕೇಳುವುದಿಲ್ಲ. ಮಿಕ್ಸಿ ಕೆಟ್ಟರೂ ಪೇಟೆಗೆ ಕಳಿಸುತ್ತಾಳೆ. ಭಾವನಿಗೆ ನಾನು ಇವತ್ತಿಗೂ ಹೇಳಿಲ್ಲ. ಇಲ್ಲಿ ಬರೆದಿದ್ದೇನೆ. ಅವನು ಓದುವವನಲ್ಲ. ಇದಕ್ಕಿಂತ ಹೆಚ್ಚು ಹೇಳಲು ನನ್ನ ಹತ್ತಿರ ಏನೂ ಇಲ್ಲ.